ಕುಂಟುವ ಕ್ಷಯಾಣು ಚೇತರಿಸಿಕೊಳ್ಳುವ ಬಗೆ

ಔಷಧಿಗೆ ಮಣಿಯದ ರೋಗಾಣುವೆಂದರೆ ಮಹಾ ಬಲಿಷ್ಠವೆಂಬುದು ಸಾಮಾನ್ಯ ನಂಬಿಕೆ. ಅನೇಕ ವೇಳೆ ಅದು ಸೊರಗಿದ ರೋಗಾಣುವೇ ಆಗಿರುತ್ತದೆ. ಆ ಸೊರಗು ಶಾಶ್ವತವಲ್ಲ ಎಂಬುದೇ ಚಿಂತೆಯ ವಿಷಯ.

ಕ್ಷಯಕ್ಕೆ ನೀಡುವ ಪ್ರಮುಖ ಔಷಧಿ ರಿಫಾಂಪಿಸಿನ್ ಅನ್ನೇ ತೆಗೆದುಕೊಳ್ಳಿ. ಕ್ಷಯಾಣುವಿನ ಡಿಎನ್‌ಎ ಸಂದೇಶವನ್ನು ಆರ್‌ಎನ್‌ಎ ರೂಪಕ್ಕೆ ನಕಲು ಮಾಡುವುದು ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ. ಯಾವ ವಂಶವಾಹಿ ಎಷ್ಟು ದುಡಿಯಬೇಕೆಂಬ ನಿಯಂತ್ರಣ ಬಹುಮಟ್ಟಿಗೆ ಇದರ ಮೂಲಕವೇ ಜಾರಿಗೆ ಬರುತ್ತದೆ. ಹಲವು ಪ್ರೋಟೀನ್ ಘಟಕಗಳು ಕೂಡಿ ಆದ ಯಂತ್ರವಿದು. ರಿಫಾಂಪಿಸಿನ್ ಇದರ ಬೀಟಾ ಘಟಕಕ್ಕೆ ಅಂಟಿಕೊಂಡು, ಬೆಳೆಯುತ್ತಿರುವ ಆರ್‌ಎನ್‌ಎ ಎಳೆಯ ದಾರಿಗೆ ಅಡ್ಡ ನಿಲ್ಲುತ್ತದೆ. ಆ ಘಟಕವನ್ನು ರೂಪಿಸುವ ವಂಶವಾಹಿಯಲ್ಲಿ ಒಂದೇ ಅಕ್ಷರ ಬದಲಾದರೂ ಔಷಧಿಗೆ ಹಿಡಿತ ತಪ್ಪಬಹುದು. ಇಂತಹ ಉತ್ಪರಿವರ್ತನೆಗಳಲ್ಲಿ ಸುಮಾರು ಶೇ. 95ರಷ್ಟು ಕಾಣಸಿಗುವುದು ಕೇವಲ 81 ಅಕ್ಷರಗಳ ತುಣುಕೊಂದರಲ್ಲಿ. ನಮ್ಮ ಆಸ್ಪತ್ರೆಗಳಲ್ಲಿ ಕಫದ ಸಿಬಿನ್ಯಾಟ್ ಪರೀಕ್ಷೆ ಜಾಲಾಡುವುದೂ ಇದನ್ನೇ.

ಆದರೆ ಆ ತುಣುಕು ಕಿಣ್ವದ ಮರ್ಮಸ್ಥಾನ. ಅಲ್ಲಿ ವ್ಯತ್ಯಾಸವಾದರೆ ನಕಲು ಮಾಡುವ ಕೆಲಸವೂ ಎಡವುತ್ತದೆ. ಔಷಧಿಯಿಲ್ಲದ ಕಡೆ ಇಂತಹ ರೋಗಾಣು ಸಾಮಾನ್ಯ ರೋಗಾಣುವಿನ ಎದುರು ಹೆಚ್ಚಾಗಿ ಸೋಲುತ್ತದೆ. ಹಾಗಾದರೆ ಔಷಧಿಯ ಒತ್ತಡ ತಗ್ಗಿದೊಡನೆ ನಿರೋಧಕ ತಳಿ ತಾನಾಗಿ ಅಳಿಯಬೇಕಲ್ಲವೇ? ಲೆಕ್ಕಾಚಾರವೇನೋ ಸರಿ, ಕ್ಷಯಾಣು ಅದಕ್ಕೆ ಒಪ್ಪಬೇಕಷ್ಟೆ.

ಔಷಧಿಗೆ ಮಣಿಯದ ತಳಿಗಳ ವಂಶವಾಹಿ ಸಮೂಹವನ್ನು ಮಣಿಯುವ ತಳಿಗಳದ್ದರೊಡನೆ ಹೋಲಿಸಿದ ಸಂಶೋಧನೆಯೊಂದು 2012ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೀಟಾ ಘಟಕದ ಮೊದಲ ಬದಲಾವಣೆ ಇದ್ದಂತೆಯೇ ಇತ್ತು. ಹೊಸ ಬದಲಾವಣೆಗಳು ಅದೇ ಕಿಣ್ವದ ಆಲ್ಫಾ ಮತ್ತು ಬೀಟಾ ಪ್ರೈಮ್ ಘಟಕಗಳಲ್ಲಿದ್ದವು! ಇವನ್ನು ಪಡೆದ ಕ್ಷಯಾಣುಗಳು ಪ್ರಯೋಗಾಲಯದ ಪೈಪೋಟಿಯಲ್ಲಿ ಮತ್ತೆ ಚುರುಕಾಗಿ ಬೆಳೆದವು. ಒಂದು ಕಂಬ ವಾಲಿದ ಮನೆಗೆ ಇನ್ನೊಂದು ಮೂಲೆಯಲ್ಲಿ ಊರುಗೋಲು ಕೊಟ್ಟಂತೆ. ಬಹು ಔಷಧ ನಿರೋಧಕ ಕ್ಷಯ ಅತಿ ಹೆಚ್ಚಾಗಿದ್ದ ದೇಶಗಳಲ್ಲಿ ಅಂತಹ ತಳಿಗಳ ಪೈಕಿ ಶೇ. 30ಕ್ಕೂ ಹೆಚ್ಚಿನವುಗಳಲ್ಲಿ ಈ ಬಗೆಯ ಬದಲಾವಣೆ ಕಂಡುಬಂದಿತ್ತು.

ಮೊದಲಿನ ತಪ್ಪನ್ನೇ ತಿದ್ದಿಕೊಳ್ಳಬಾರದೇಕೆ? ಹಾಗಾಗಲು ಬದಲಾದ ಆ ಒಂದೇ ಅಕ್ಷರ ಮೊದಲಿನಂತಾಗಬೇಕು. ಸರಿದೂಗಿಸುವ ಬದಲಾವಣೆಗೋ ಹಲವಾರು ಜಾಗಗಳುಂಟು. ಸಂಭವನೀಯತೆ ಎರಡನೆಯದರ ಪರವಾಗಿದೆ. ಅಲ್ಲದೆ, ಹಿಂದಿರುಗಿದರೆ ನಿರೋಧಕ ಶಕ್ತಿಯನ್ನೂ ಕಳೆದುಕೊಳ್ಳಬೇಕು.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗವನ್ನು ಹೊಂದಿರುವ ಭಾರತಕ್ಕೆ ಇದು ದೂರದ ಸಂಗತಿಯಲ್ಲ. ಕ್ಷಯಾಣು ರಿಫಾಂಪಿಸಿನ್‌ಗೆ ಮಣಿಯುವುದೋ ಇಲ್ಲವೋ ಎಂಬುದನ್ನು ಸಿಬಿನ್ಯಾಟ್ ಎರಡು ಗಂಟೆಯೊಳಗೆ ತಿಳಿಸುತ್ತದೆ. ಅದು ಇನ್ನೂ ಕುಂಟುತ್ತಿದೆಯೋ, ಊರುಗೋಲು ಪಡೆದಿದೆಯೋ ಎಂಬುದರ ಸುಳಿವು ಆ 81 ಅಕ್ಷರಗಳಲ್ಲಿಲ್ಲ; ಅದಕ್ಕೆ ಉಳಿದ ಘಟಕಗಳ ವಂಶವಾಹಿಗಳನ್ನೂ ಓದಬೇಕು.