‘ನಿಷ್ಠುರ’ ಪದದ ಅರ್ಥವ್ಯಾಪ್ತಿ ಮತ್ತು ಬಳಕೆ

ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದಗಳಲ್ಲಿ ಕೆಲವು ಮೂಲಾರ್ಥವನ್ನು ಉಳಿಸಿಕೊಂಡೇ ಹೊಸ ಅರ್ಥಗಳನ್ನು ಪಡೆದಿವೆ. ‘ನಿಷ್ಠುರ’ ಅಂತಹ ಒಂದು ಪದ. ‘ನಿ’ ಉಪಸರ್ಗ ಮತ್ತು ‘ಸ್ಥಾ’ ಧಾತುವಿನಿಂದ ಇದನ್ನು ಸಾಧಿಸುತ್ತಾರೆ. ‘ನಿಷ್ಠೆ’ ಪದದ ಮೂಲವೂ ಇದೇ ಧಾತು. ಅಮರಕೋಶವು ‘ನಿಷ್ಠುರ’ವನ್ನು ಎರಡು ಕಡೆ ಹೇಳುತ್ತದೆ: ಮೊದಲ ಕಾಂಡದಲ್ಲಿ ಮಾತಿಗೆ ಸಂಬಂಧಿಸಿ ‘ಪರುಷ’ದೊಡನೆ, ಮೂರನೆಯ ಕಾಂಡದಲ್ಲಿ ‘ಕಠಿನ’, ‘ಕ್ರೂರ’, ‘ದೃಢ’ಗಳೊಡನೆ. ವಸ್ತುವಿನ ಗಡಸುತನ ಹಾಗೂ ಮಾತಿನ ಬಿರುಸು ಎರಡೂ ಇದರಲ್ಲಿ ಅಡಕವಾಗಿವೆ.

12ನೆಯ ಶತಮಾನದ ಬಸವಣ್ಣನವರ ವಚನವೊಂದರಲ್ಲಿ ‘ನ್ಯಾಯನಿಷ್ಠುರಿ’ ಎಂಬ ಸಮಾಸವಿದೆ. ಅಲ್ಲಿ ಅದು ದಾಕ್ಷಿಣ್ಯಕ್ಕೆ ಎದುರಾಗಿ ನಿಲ್ಲುತ್ತದೆ. ಈ ಪದಕ್ಕೆ ‘ಕ್ರೂರಿ’ ಎಂಬ ಅರ್ಥ ಸಲ್ಲದು. ನ್ಯಾಯದ ವಿಷಯದಲ್ಲಿ ಮುಖ ನೋಡಿ ಮಣೆ ಹಾಕದವನು ಎಂಬುದೇ ತಾತ್ಪರ್ಯ. ದೋಷವಾಚಕವೊಂದು ಇಲ್ಲಿ ಗುಣವಾಚಕವಾಗಿದೆ. ‘ನಿಷ್ಠುರವಾದಿ’, ‘ನಿಷ್ಠುರ ವಿಮರ್ಶೆ’ ಎಂಬ ಇಂದಿನ ಪ್ರಯೋಗಗಳಲ್ಲಿಯೂ ಈ ಮೆಚ್ಚುಗೆಯ ಧ್ವನಿ ಇದೆ.

ಆಡುಮಾತಿನಲ್ಲಿ ಪದವು ಮತ್ತೊಂದು ಹೆಜ್ಜೆ ಮುಂದೆ ಹೋಗಿದೆ. ‘ಊರವರ ನಿಷ್ಠುರ ಕಟ್ಟಿಕೊಂಡ’ ಎಂಬಲ್ಲಿ ನಿಷ್ಠುರವು ಹೇಳಿದವನ ಸ್ವಭಾವವಲ್ಲ, ಕೇಳಿದವರ ಅಸಮಾಧಾನ. ಕಾರಣವನ್ನು ಸೂಚಿಸುತ್ತಿದ್ದ ಪದ ಇಲ್ಲಿ ಪರಿಣಾಮವನ್ನು ಸೂಚಿಸುತ್ತದೆ. ‘ಅಂತ್ಯನಿಷ್ಠುರಕ್ಕಿಂತ ಆದಿನಿಷ್ಠುರ ಲೇಸು’ ಎಂಬ ಗಾದೆ ಈ ಅರ್ಥವನ್ನೇ ಆಧರಿಸಿದೆ: ಕೊಡುಕೊಳ್ಳುವ ವ್ಯವಹಾರದಲ್ಲಿ ಕೊನೆಗೆ ಮನಸ್ತಾಪ ಬರುವುದಕ್ಕಿಂತ ಮೊದಲೇ ಖಂಡಿತವಾಗಿ ಹೇಳಿಬಿಡುವುದು ಒಳಿತು. ಇದೇ ಗಾದೆ ತೆಲುಗಿನಲ್ಲಿಯೂ ಇದೆ. ಎರಡೂ ಭಾಷೆಗಳ ಆಡುನುಡಿಯಲ್ಲಿ ‘ನಿಷ್ಠೂರ’ ಎಂಬ ದೀರ್ಘರೂಪ ಕೇಳಿಬರುತ್ತದೆ.

ಸಮೀಪದ ಪದಗಳೊಡನೆ ಹೋಲಿಸಿದಾಗ ಇದರ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ‘ಕಟ್ಟುನಿಟ್ಟು’ ನಿಯಮಪಾಲನೆಗೆ ಸಂಬಂಧಿಸಿದ್ದು. ‘ಕಠೋರ’ ಶಿಕ್ಷೆ, ವ್ರತ, ಮಾತುಗಳ ತೀವ್ರತೆಗೆ ಸಲ್ಲುತ್ತದೆ. ‘ಕ್ರೂರ’ದಲ್ಲಿ ಹಿಂಸೆಯ ಭಾವವಿದೆ. ‘ನಿಷ್ಠುರ’ಕ್ಕಾದರೋ ಸಾಮಾನ್ಯವಾಗಿ ಇನ್ನೊಬ್ಬರ ಇದಿರು ಬೇಕು; ಅದು ಸಂಬಂಧಗಳ ನಡುವೆ ಅರ್ಥ ಪಡೆಯುವ ಪದ.

ಹಿಂದಿಯಲ್ಲಿ ಇದೇ ಪದ ಮುಖ್ಯವಾಗಿ ನಿರ್ದಯತೆಯನ್ನು ಹೇಳುತ್ತದೆ. ಆದುದರಿಂದ ಕನ್ನಡದಿಂದ ಹಿಂದಿಗೆ ಅನುವಾದಿಸುವಾಗ ‘ನ್ಯಾಯನಿಷ್ಠುರಿ’ಯ ‘ನಿಷ್ಠುರ’ವನ್ನು ಹಾಗೆಯೇ ಉಳಿಸಿದರೆ ಶರಣನ ನಿರ್ಭೀತಿ ನಿರ್ದಯತೆಯಾಗಿ ತೋರುವ ಅಪಾಯವಿದೆ. ರೂಪಸಾಮ್ಯವು ಅರ್ಥಸಾಮ್ಯವಲ್ಲ. ದ್ವಿಭಾಷಾ ನಿಘಂಟುಗಳು ಗಡಸುತನ, ನಿರ್ದಾಕ್ಷಿಣ್ಯ, ಮನಸ್ತಾಪ ಎಂಬ ಮೂರು ಅರ್ಥಗಳನ್ನು ಪ್ರಯೋಗಸಹಿತವಾಗಿ ಬೇರೆ ಬೇರೆಯಾಗಿ ನಮೂದಿಸುವುದು ಅವಶ್ಯ.