ದೀಕ್ಷಾಸ್ನಾನದ ನಂತರವೂ ಉಳಿಯುವ ಜಾತಿ

ದಲಿತ ವಿಮರ್ಶೆ ಅಂದಕೂಡಲೆ ನಮ್ಮ ಕಣ್ಣು ಹೋಗುವುದು ಮನುಸ್ಮೃತಿಯ ಕಡೆಗೆ, ದೇವಸ್ಥಾನದ ಬಾಗಿಲ ಕಡೆಗೆ. ಅದು ಸರಿಯೆ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯ ದೊಡ್ಡಗದ್ದವಳ್ಳಿಯಲ್ಲಿ ಲಕ್ಷ್ಮೀದೇವಿ ಗುಡಿಯಿದೆ. 1113ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ್ದು. ಇಂಥ ಗುಡಿಯ ಮುಂದೆ ನಿಂತಾಗ ಕೆತ್ತನೆಯನ್ನಷ್ಟೆ ಹೊಗಳದೆ, ಕಲ್ಲು ಹೊತ್ತವರು ಎಲ್ಲಿ ನಿಂತು ಕೈಮುಗಿದರು ಅಂತ ಕೇಳುವುದನ್ನು ದಲಿತ ಚಳವಳಿ ನಮಗೆ ಕಲಿಸಿದೆ.

ಆದರೆ ಇದೇ ಪ್ರಶ್ನೆಯನ್ನು ಚರ್ಚಿನ ಮುಂದೆ ನಿಂತು ಕೇಳಿದವರು ನಮ್ಮಲ್ಲಿ ಕಡಿಮೆ. ದೊಡ್ಡಗದ್ದವಳ್ಳಿಯಂತೆಯೇ ಹಾಸನ ಸೀಮೆಗೆ ಸೇರಿದ ಸಾತಳ್ಳಿ, ಶೆಟ್ಟಿಹಳ್ಳಿಗಳು ಕಥೋಲಿಕ ಕ್ರೈಸ್ತರ ಹಳೆಯ ನೆಲೆಗಳು. ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದಿದೆ. ಇವತ್ತು ಅದು ಫೋಟೋ ತೆಗೆಯುವವರ ಜಾಗ. ಎಲ್ಲರೂ ಒಬ್ಬನೇ ತಂದೆಯ ಮಕ್ಕಳು ಎಂದು ಸಾರುವ ಧರ್ಮದೊಳಗೆ ಬಂದ ಮೇಲೆ ಜಾತಿ ಏನಾಗುತ್ತದೆ ಎಂಬ ಪ್ರಶ್ನೆ ಮಾತ್ರ ಪಾಳುಬಿದ್ದಿಲ್ಲ.

ಸಾತಳ್ಳಿಯ ಕಥೆಯಲ್ಲಿ ಬರುವ ಮುಖ್ಯ ಹೆಸರು ಅಬ್ಬೆ ದುಬುವಾ. 1792ರಲ್ಲಿ ಭಾರತಕ್ಕೆ ಬಂದ ಈ ಫ್ರೆಂಚ್ ಪಾದ್ರಿ, 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಗೆ ಬಂದರು. ಸಾತಳ್ಳಿಯಲ್ಲಿ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು, ಸಿಡುಬಿಗೆ ದಾಕು ಹಾಕಿಸಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಅಂತ ಕರೆದರು. ಅವರು ಹಿಂದೂಗಳ ನಡೆನುಡಿಯ ಬಗ್ಗೆ ಬರೆದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಹೊರತಂದಿತು. ಅದರ ಬಹುಭಾಗ ಕರ್ದೂ ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹದಿಂದ ಬಂದದ್ದು ಎಂಬುದನ್ನು ಮುಂದೆ ವಿದ್ವಾಂಸರು ತೋರಿಸಿದ್ದಾರೆ. ನಮಗಿಲ್ಲಿ ಮುಖ್ಯವಾದದ್ದು ಬೇರೆ. ಯುರೋಪಿಗೆ ಜಾತಿಯ ಪಾಠ ಹೇಳಿದ ಈ ಗ್ರಂಥ, ಜಾತಿಪದ್ಧತಿಯನ್ನು ಹಿಂದೂ ಶಾಸನಕಾರರ ಜಾಣತನದ ಕೆಲಸವೆಂದೇ ಮೆಚ್ಚುತ್ತದೆ. ಜಾತಿಯ ಹಿಡಿತ ಇಲ್ಲದಿದ್ದರೆ ಈ ಸಮಾಜ ಕೆಟ್ಟುಹೋಗುತ್ತಿತ್ತು ಎಂಬುದು ಅದರ ನಿಲುವು. ಅಂದರೆ ಪಾದ್ರಿಯ ಕಣ್ಣೂ ಜಾತಿಯನ್ನು ನೋಡಿದ್ದು ಮೇಲಿನಿಂದಲೇ.

ಇದು ಒಬ್ಬ ವ್ಯಕ್ತಿಯ ದೌರ್ಬಲ್ಯವಲ್ಲ, ಒಂದು ನೀತಿ. 1606ರಲ್ಲಿ ಮಧುರೆಗೆ ಬಂದ ರಾಬರ್ಟೊ ಡಿ ನೊಬಿಲಿ ಕಾವಿ ಉಟ್ಟು, ಬ್ರಾಹ್ಮಣರಂತೆ ಊಟ ಮಾಡಿ, ಜಾತಿಯೆಂಬುದು ಬರೀ ಲೌಕಿಕ ಮರ್ಯಾದೆ, ಧರ್ಮಕ್ಕೆ ಸಂಬಂಧಿಸಿದ್ದಲ್ಲ ಎಂದು ವಾದಿಸಿದರು. ಈ ವಾದದ ಬೆಲೆ ತೆತ್ತವರು ಯಾರು? ಸಾಯುತ್ತಿರುವ ಪರೆಯನ ಗುಡಿಸಲಿಗೆ ಕಾಲಿಟ್ಟರೆ ಮೇಲುಜಾತಿಯವರು ದೂರವಾಗುತ್ತಾರೆಂದು, ರೋಗಿಯನ್ನೇ ಹೊರಗೆ ಹೊತ್ತು ತರಿಸಿ ಕೊನೆಯ ಸಂಸ್ಕಾರ ಕೊಡುವ ರೂಢಿ ಬೆಳೆಯಿತು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್, ಗುರುಗಳು ಅವರ ಮನೆಗೆ ಹೋಗಲೇಬೇಕೆಂದು ಆಜ್ಞೆ ಮಾಡಿದರು. ಅದಕ್ಕೆ ಕಂಡುಕೊಂಡ ಉಪಾಯ ನೋಡಿ: ಪರೆಯರಿಗೆಂದೇ ಬೇರೆ ಗುರುಗಳು! ಆಜ್ಞೆಯೂ ನಡೆಯಿತು, ಮಡಿಯೂ ಉಳಿಯಿತು.

ಇದೆಲ್ಲ ಹಳೆಯ ಕಥೆ ಅನ್ನುವವರಿಗೆ ತಿರುಚಿರಾಪಳ್ಳಿಯ ಕಥೋಲಿಕ ಸ್ಮಶಾನವೊಂದರಲ್ಲಿ ಹೆಣಗಳ ನಡುವೆ ಎದ್ದ ಜಾತಿಗೋಡೆಯನ್ನು ನೆನಪಿಸಬೇಕು. 2008ರ ಮಾರ್ಚಿನಲ್ಲಿ ಆಗಿನ ವಿಲ್ಲುಪುರಂ ಜಿಲ್ಲೆಯ ಎರೈಯೂರಿನಲ್ಲಿ ದಲಿತ ಕಥೋಲಿಕರು ತಮಗೆ ಬೇರೆ ಧರ್ಮಕೇಂದ್ರ ಬೇಕೆಂದು ಕೇಳಿದ್ದರಿಂದ ವನ್ನಿಯಾರ್ ಕಥೋಲಿಕರ ಜೊತೆ ಘರ್ಷಣೆಯಾಗಿ, ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಇಬ್ಬರದೂ ಒಂದೇ ಬಲಿಪೂಜೆ, ಒಂದೇ ಪರಮಪ್ರಸಾದ.

ಈಗ ಕಾನೂನಿನ ಕಡೆ ಬರೋಣ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೆಯ ಕಂಡಿಕೆ, ಹಿಂದೂ ಧರ್ಮ ಬಿಟ್ಟವರು ಪರಿಶಿಷ್ಟ ಜಾತಿಯವರಲ್ಲ ಎಂದಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದರು. ಮದರಾಸಿನ ಬೀದಿಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬುವರ ಮೊಕದ್ದಮೆ ಇದನ್ನು ಬಿಡಿಸಿ ಹೇಳುತ್ತದೆ. ಪರಿಶಿಷ್ಟ ಜಾತಿಯ ಮೋಚಿಗಳಿಗೆ ಸರ್ಕಾರ ಪುಕ್ಕಟೆ ಗೂಡಂಗಡಿ ಕೊಟ್ಟಿತು, ಕ್ರೈಸ್ತನೆಂಬ ಕಾರಣಕ್ಕೆ ಇವರಿಗೆ ಕೊಡಲಿಲ್ಲ. ಅದೇ ಬೀದಿ, ಅದೇ ಉಳಿ, ಅದೇ ಚರ್ಮ. ಮತಾಂತರದ ನಂತರವೂ ಅಷ್ಟೇ ಕ್ರೂರವಾದ ಹಿಂಸೆ ಮುಂದುವರಿದಿದೆ ಎಂಬುದಕ್ಕೆ ಸಾಕ್ಷ್ಯ ಸಾಲದು ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಕಂಡಿಕೆಯನ್ನೇ ತೆಗೆಯಬೇಕೆಂದಿತು. ಸರ್ಕಾರ ಒಪ್ಪಲಿಲ್ಲ. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. 2024ರ ನವೆಂಬರಿನಲ್ಲಿ, ದೀಕ್ಷಾಸ್ನಾನ ಪಡೆದು ಚರ್ಚಿಗೆ ಹೋಗುತ್ತಿದ್ದ ಪುದುಚೇರಿಯ ಮಹಿಳೆಯೊಬ್ಬರು ಹಿಂದೂ ಎಂದು ಹೇಳಿ ಪ್ರಮಾಣಪತ್ರ ಕೇಳಿದ್ದನ್ನು ಸುಪ್ರೀಂ ಕೋರ್ಟ್ ಸಂವಿಧಾನಕ್ಕೆ ಮಾಡಿದ ವಂಚನೆ ಎಂದು ಕರೆಯಿತು.

ಇಲ್ಲಿ ಇಕ್ಕಟ್ಟು ಯಾರದು? ಪೂಜೆಗೆ ಹೋಗುವವನು ಪತ್ರ ಕಳೆದುಕೊಳ್ಳುತ್ತಾನೆ. ಪತ್ರ ಬೇಕಾದವನು ತನ್ನ ದೇವರನ್ನು ಬಚ್ಚಿಡಬೇಕು. ಹೆಸರು ಎರಡು, ಬದುಕು ಒಂದು. ಕರ್ನಾಟಕದಲ್ಲೂ 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿಯ ಮುಂದೆ ಕ್ರಿಶ್ಚಿಯನ್ ಎಂದು ಸೇರಿಸಿದ ಹೆಸರುಗಳು ಕಂಡದ್ದೇ ತಡ, ಗದ್ದಲವೆದ್ದಿತು. ಕೊನೆಗೆ ಆಯೋಗ ಆ ಹೆಸರುಗಳು ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಹೆಸರು ಮರೆಯಾದರೆ ಕೇರಿ ಮರೆಯಾಗುತ್ತದೆಯೆ?

ಕ್ರೈಸ್ತಧರ್ಮದಲ್ಲಿ ಜಾತಿಯಿಲ್ಲವಲ್ಲ, ಮತ್ತೆ ಮೀಸಲಾತಿ ಯಾಕೆ ಅನ್ನುವ ವಾದ ಶುಭಸಂದೇಶವನ್ನು ಓದುತ್ತದೆ, ಊರನ್ನು ಓದುವುದಿಲ್ಲ. ಸಿಖ್, ಬೌದ್ಧ ಧರ್ಮಗಳೂ ಜಾತಿಯನ್ನು ಒಪ್ಪುವುದಿಲ್ಲ; ಅವರಿಗೆ ಸಿಕ್ಕಿತಲ್ಲ? ಜಾತಿ ನಿಂತಿರುವುದು ಜಮೀನಿನಲ್ಲಿ, ಮದುವೆಯಲ್ಲಿ, ಸ್ಮಶಾನದಲ್ಲಿ. ದೀಕ್ಷಾಸ್ನಾನದ ನೀರು ಅಲ್ಲಿಯವರೆಗೆ ಹರಿದಿಲ್ಲ.

ಹಾಗೆಂದು ಚರ್ಚನ್ನು ಬಿಟ್ಟುಬಿಡುವಂತಿಲ್ಲ. ಆಗಸ್ಟ್ 10ನ್ನು ಕಪ್ಪುದಿನವೆಂದು ಆಚರಿಸುವ ಧರ್ಮಾಧ್ಯಕ್ಷರು, ದಲಿತರ ವಿರುದ್ಧದ ತಾರತಮ್ಯ ಸಭೆಯೊಳಗೂ ಇದೆ ಎಂದು 2016ರ ತಮ್ಮ ನೀತಿಪತ್ರದಲ್ಲಿ ಒಪ್ಪಿಕೊಂಡರು. ಮೊದಲ ದಲಿತ ಕಾರ್ಡಿನಲ್ ಆಗಿ ಹೈದರಾಬಾದಿನ ಆಂಥೋನಿ ಪೂಲ ಬಂದದ್ದು 2022ರಲ್ಲಿ. ಇಷ್ಟು ತಡ ಯಾಕೆ? ದೆಹಲಿಯಲ್ಲಿ ಹಕ್ಕು ಕೇಳುವವರು ತಮ್ಮ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ದಲಿತ ಕ್ರೈಸ್ತರಿಗೆ ಪಾಲು ಕೊಡಲು ಯಾವ ರಾಷ್ಟ್ರಪತಿ ಆದೇಶವೂ ಅಡ್ಡ ಬರುವುದಿಲ್ಲ.

1935ರಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದ ಅಂಬೇಡ್ಕರ್ 1956ರಲ್ಲಿ ಬುದ್ಧನ ಕಡೆ ಹೋದರು. ಕ್ರೈಸ್ತರಾದ ಅಸ್ಪೃಶ್ಯರ ಸ್ಥಿತಿಯ ಬಗ್ಗೆ ಅವರು ಪ್ರತ್ಯೇಕವಾಗಿ ಬರೆದಿದ್ದಾರೆ. ಆತ್ಮವನ್ನು ಉದ್ಧರಿಸಿ ಅನ್ಯಾಯವನ್ನು ಹಾಗೇ ಬಿಡುವ ಧರ್ಮದ ಬಗ್ಗೆ ಅವರಿಗೆ ತಕರಾರಿತ್ತು. ನಮ್ಮ ಸಾಹಿತ್ಯ ವಿಮರ್ಶೆ ಆ ಬರಹಗಳನ್ನು ಇನ್ನೂ ತನ್ನದಾಗಿಸಿಕೊಂಡಿಲ್ಲ. ಹೊಲೆಯ-ಮಾದಿಗರ ನೋವನ್ನು ಬರೆದ ನಮ್ಮ ಕಥೆ, ಕಾವ್ಯದಲ್ಲಿ ಚರ್ಚಿನ ಹಿಂದಿನ ಕೇರಿ ಎಷ್ಟು ಕಂಡಿದೆ? ಅವರನ್ನು ಮೀಸಲಾತಿಯ ಪಾಲುದಾರರೆಂದು ಮಾತ್ರ ನೋಡಿ ಹೆದರುವುದನ್ನು ಬಿಟ್ಟು, ಒಂದೇ ಕೇರಿಯವರೆಂದು ನೋಡುವುದು ಸಾಧ್ಯವೆ? ಈ ಮಾತನ್ನು ಗೆಳೆಯರ ಚರ್ಚೆಗೆ ಇಡುತ್ತಿದ್ದೇನೆ.