ಮದ್ದು ಕಾಯುತ್ತಿದ್ದ ಕೊಂಬು

ಕಾರಹುಣ್ಣಿಮೆಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹೋದರೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ಸಡಗರ ಕಾಣುತ್ತೇವೆ. ಹಿಂದೆ ಕೊಂಬಿಗೆ ಇನ್ನೊಂದು ಕೆಲಸವೂ ಇತ್ತು: ಕೋವಿಯ ಮದ್ದು ಕಾಯುವುದು. ಪಕ್ಕದ ಮುಧೋಳ ತಾಲೂಕಿನ ಹಲಗಲಿಯಲ್ಲಿ, ಆಯುಧ ಒಪ್ಪಿಸಿ ಎಂದ ಬ್ರಿಟಿಷರ ವಿರುದ್ಧ ಬೇಡರು 1857ರಲ್ಲಿ ತಿರುಗಿಬಿದ್ದರು, ಹಲವರು ಗಲ್ಲಿಗೇರಿದರು. ಆ ಕಾಲದ ಕೋವಿಗೆ ಮದ್ದೇ ಜೀವ. ತೇವ ಹಿಡಿದರೆ ಕೋವಿ ಬರೀ ದೊಣ್ಣೆ.

ನಮ್ಮ ಆಟಿ ಮಳೆಗೆ ಬೆಂಕಿಪೊಟ್ಟಣವೇ ಒದ್ದೆಯಾಗುವುದಿಲ್ವಾ? ಕೊಂಬಿನೊಳಗೆ ನೀರು ಇಳಿಯದು, ತಾಗಿದರೆ ಕಿಡಿ ಹಾರದು.

ಕೋಣದ ಹಸಿ ಕೊಂಬನ್ನು ಕುದಿಸಿದರೆ ಒಳಗಿನ ಎಲುಬು ಸಡಿಲವಾಗಿ ಕಳಚುತ್ತದೆ. ವಾಸನೆ ಜೋರು, ಕೆಲಸ ಅಂಗಳದಲ್ಲೇ ಆಗಬೇಕು. ಒಣಗಿದ ಮೇಲೆ ತುದಿ ಕೊಯ್ದು, ಪೊಳ್ಳು ಸಿಗುವವರೆಗೆ ಸಣ್ಣ ತೂತು ಕೊರೆಯಬೇಕು. ಗಾಜಿನ ಚೂರಿನಿಂದ ಹೆರೆದರೆ ಮೈ ನುಣುಪಾಗುತ್ತದೆ. ಬುಡವನ್ನು ಕುದಿನೀರಲ್ಲಿ ಅದ್ದಿದರೆ ಮೆತ್ತಗಾಗುತ್ತದೆ; ಆಗಲೇ ದುಂಡನೆಯ ಮರದ ಬಿರಡೆ ಕೂರಿಸಬೇಕು. ತಣಿದಾಗ ಕೊಂಬೇ ಬಿಗಿದುಕೊಳ್ಳುತ್ತದೆ. ಸಂದಿಗೆ ಜೇನುಮೇಣ, ತುದಿಗೆ ಮರದ ಬೆಣೆ. ಅಷ್ಟೇ.

ಇಂದು ಮದ್ದು ಇಡಲು ಪರವಾನಗಿ ಬೇಕು, ಕೊಂಬು ಹೆರೆಯಲು ಬೇಡ. ಬಕ್ರೀದ್ ಮರುದಿನ ನಾವು ಗುಂಡಿಗೆ ಎಸೆಯುವ ಆಡಿನ ಕೊಂಬಿನಲ್ಲೂ ನಾಲ್ಕು ಏಲಕ್ಕಿ ಇಡುವಷ್ಟು ಜಾಗವಿದೆ. ಮಕ್ಕಳ ಕೈಗೆ ಒಮ್ಮೆ ಕೊಟ್ಟು ನೋಡೋಣ.